ಮಾಳಿಗೆ ಹತ್ತಿದ ಫೋನು

ದಂಡೋತಿಯ ನಮ್ಮ ಓಣಿಯ ನರ್ಸಮ್ಮನ ಬಾಯಲ್ಲಿ ಸದಾ ಒಂದೇ ಮಾತು: “ಕೇಳಸಾಕತ್ತದೇನ್ರಿ?” ಫೋನಿನಲ್ಲೂ ಅದೇ, ಬಸುರಿಯ ಹೊಟ್ಟೆಗೆ ಕಿವಿಯಿಟ್ಟು ಒಳಗಿನ ಕೂಸಿಗೂ ಅದೇ. ಸರ್ಕಾರ ಕೊಟ್ಟ ಮೊಬೈಲನ್ನು ಸೆರಗಿನ ತುದಿಗೆ ಕಟ್ಟಿಕೊಂಡಿರುತ್ತಿದ್ದರು. ಆಗ ಸಿಗ್ನಲ್ ಸಿಗುತ್ತಿದ್ದದ್ದು ಮಾಳಿಗೆಯ ಮೇಲೆ ಮಾತ್ರ. ಹಾಗಾಗಿ ಯಾರ ಮನೆಗೆ ಹೋದರೂ ಮೊದಲು ಏಣಿ ಕೇಳುತ್ತಿದ್ದರು, ಆಮೇಲೆ ನೀರು.

ಒಂದು ಮಳೆಗಾಲದ ಮಧ್ಯಾಹ್ನ ಪಕ್ಕದ ಮನೆಯ ಸೊಸೆಗೆ ನೋವು ಶುರುವಾಯಿತು. ಕಾಗಿಣಾ ಹೊಳೆ ಸೇತುವೆಯ ಮೇಲೆ ಹರಿಯುತ್ತಿತ್ತು. ಡಾಕ್ಟರು ಆಚೆ ದಡದಲ್ಲಿ. ನರ್ಸಮ್ಮ ಮೊಬೈಲನ್ನು ನನ್ನ ಕೈಗಿಟ್ಟರು.

“ಮ್ಯಾಲ ಹೋಗ್ರಿ. ಡಾಕ್ಟರ್ ಹೇಳಿದ್ದು ಬೆಳಕಿಂಡಿಯಾಗ ಒದರ್ರಿ. ಕೆಳಗ ಮಾತ್ರ ನೋಡಬ್ಯಾಡ್ರಿ.”

ಹೆರಿಗೆಯ ಕೋಣೆಗೆ ಗಂಡಸರು ಇಣುಕಬಾರದು. ಮಾಳಿಗೆಯಲ್ಲಿ ಬೆಳಕಿಗೆಂದು ಬಿಟ್ಟ ಆ ಕಿಂಡಿಗೆ ಬೆನ್ನು ಮಾಡಿ ಕುಳಿತು, ಡಾಕ್ಟರು ಹೇಳಿದ್ದನ್ನೆಲ್ಲ, ಅವರ ‘ಹಲೋ’ವನ್ನೂ ಬಿಡದೆ, ಕೂಗಿದೆ.

ಕೂಸು ಹುಟ್ಟಿತು. ಅಳಲಿಲ್ಲ.

“ಬಾಯಿ ಒರಸಬೇಕಂತ್ರಿ! ಬೆನ್ನು ತಿಕ್ಕಬೇಕಂತ್ರಿ!” ಎಂದು ಒದರಿದೆ. ಇನ್ನೊಮ್ಮೆ ಒದರಿದೆ. ಹೊಳೆಯ ಸದ್ದೊಂದೇ.

ಆಗ ಬೆನ್ನ ಹಿಂದಿನ ಕಿಂಡಿಯಿಂದ ಅಳು ಎದ್ದು ಬಂತು. ಎಷ್ಟೋ ಮಳೆಗಾಲ ನಮ್ಮನ್ನು ದಡದಲ್ಲೇ ನಿಲ್ಲಿಸಿದ್ದ ಹೊಳೆಯನ್ನು ಬರೀ ಮಾತು ದಾಟಿ ಬಂದಿತ್ತು.

“ಫೋನ್ ಕಿಂಡಿಗಿ ಹಿಡೀರಿ,” ನರ್ಸಮ್ಮ ಕೂಗಿದರು. ತಿರುಗದೆ ಕೈಯಷ್ಟನ್ನೇ ಹಿಂದೆ ಚಾಚಿದೆ. ಕೂಸಿನ ಅಳುವಿನ ಜೊತೆಗೆ ಅವರ ದನಿಯೂ ಹೊಳೆಯಾಚೆಗೆ ಹೋಯಿತು:

“ಸಾಹೇಬ್ರ, ಕೇಳಸಾಕತ್ತದೇನ್ರಿ?”