ಬೀಡಿ ಶೆಡ್ಡಿನಲ್ಲಿ ಚೀನಾದ ಅಂಬಿಗಿತ್ತಿ

ನಿಪ್ಪಾಣಿಯ ಬೀಡಿ ಶೆಡ್ಡಿನಲ್ಲಿ ಇನ್ನೂ ಲೈಟು ಆರಿಸಿಲ್ಲ. ಹೆಂಗಸರು ಮೊರ ತೊಡೆಗಿಟ್ಟುಕೊಂಡು ಕೂತಿದ್ದಾರೆ. ಅವರಿಗೆಲ್ಲ ತಂಬಾಕು ತೂಗಿಕೊಟ್ಟ ಧನಪಾಲ, ತಕ್ಕಡಿ ಸರಿಸಿ, ಚೀನಾದ ಕಥೆ ಸುರು ಮಾಡುತ್ತಾರೆ. ಶನಿವಾರ ಚಿಕ್ಕೋಡಿಯ ಕಾಲೇಜಿನಲ್ಲಿ ಭಾಷೆಗಳ ಬಗ್ಗೆ ಮಾತಾಡಲು ಕರೆ ಬಂದಿದೆ, ಜೀವನದಲ್ಲಿ ಮೊದಲ ಸಲ. ಈ ಕಥೆಯ ನಡುವೆ ಯಾರಾದರೂ 'ಇದನ್ನು ಮಾಡಿದ್ದು ಯಾರು?' ಎಂದು ಕೇಳಿದರೆ ಹೋಗುವುದಿಲ್ಲವೆಂದು ಅವರ ಹಟ.

ಬೇಡಕಿಹಾಳದ ಧನಪಾಲ ಓದಿದ್ದು ಮ್ಯಾಟ್ರಿಕ್. ಇಂಗ್ಲಿಷ್ ಶಾಲೆಯಲ್ಲಿ ಬಂತು, ಫ್ರೆಂಚ್ ಕೊಲ್ಹಾಪುರದ ರದ್ದಿ ಅಂಗಡಿಯ ಪುಸ್ತಕದಿಂದ, ಚೀನಿ ರೇಡಿಯೊ ಪಾಠದಿಂದ. ಹತ್ತಿದ ಗುಂಗು ಒಂದೇ: ಕಥೆಯೊಳಗಿನ ಮನುಷ್ಯನನ್ನು ಭಾಷೆ ಕೈಬಿಡದೆ ಹೇಗೆ ನಡೆಸುತ್ತದೆ? ಇಂಗ್ಲಿಷ್, ಫ್ರೆಂಚ್‌ಗಳಿಗೆ ಹೆಜ್ಜೆಹೆಜ್ಜೆಗೂ 'ಅವನು', 'ಅವಳು' ಬೇಕು. ಸ್ಪ್ಯಾನಿಷ್ ಅದನ್ನು ಬಿಟ್ಟರೂ ನಮ್ಮ 'ಬಂದೆ', 'ಬಂದ' ಇದ್ದ ಹಾಗೆ ಕ್ರಿಯಾಪದವೇ ಆಸಾಮಿಯನ್ನು ತೋರಿಸಿಬಿಡುತ್ತದೆ. ಚೀನಿಯಲ್ಲಿ ಆ ಗುರುತೂ ಇಲ್ಲ. ಎಷ್ಟೋ ಸಲ ಹೆಸರು ಒಮ್ಮೆ ಹೇಳಿ ಬಿಡುತ್ತಾರೆ, ಮುಂದೆ ಅದನ್ನು ಹೊರುವವನು ಕೇಳುಗ. ಬಸದಿಯ ಜಗಲಿಯಲ್ಲಿ ಪದ್ಯ ಕೇಳುತ್ತ, ಯಾರ ಮಾತೆಂದು ತಾವೇ ಹಿಡಿಯುತ್ತ ಬೆಳೆದ ಧನಪಾಲರಿಗೆ ಇದು ತಮ್ಮದೇ ರೀತಿ ಅನ್ನಿಸಿತು.

ಕಳೆದ ವಾರ ಬೇರೊಬ್ಬ ಅಂಬಿಗನ ಕಥೆಯನ್ನು ಇಂಗ್ಲಿಷ್ ರೀತಿಯಲ್ಲಿ ಮಾತುಮಾತಿಗೂ 'ಅವನು' ಹಚ್ಚಿ ಹೇಳಿದ್ದರಂತೆ. ಕಾಳವ್ವ ಬೀಡಿಗೆ ದಾರ ಸುತ್ತುತ್ತಲೇ ತಡೆದಿದ್ದಳು: "ಅಣ್ಣಾರ, ಇದರಾಗ ಗಂಡಸರ ಎಷ್ಟ ಮಂದಿ ಅದಾರ್ರಿ? ನನಗ ನಾಕ ಮಂದಿ ಕಂಡ್ರು." ಇದ್ದವನು ಒಬ್ಬನೇ ಅಂಬಿಗ. ಶೆಡ್ಡೆಲ್ಲ ನಕ್ಕಿತ್ತು.

ಇಂದು ಚೀನಿಯ ದಾರಿ. ಅಂಬಿಗ, ಅವನ ಹೆಂಡತಿ, ಇಬ್ಬರ ಹೆಸರೂ ಒಂದೇ ಸಲ. ಆಮೇಲೆ ಬರೀ ಕೆಲಸ: ನಸುಕಿಗೆದ್ದು, ಅನ್ನ ಬೇಯಿಸಿ, ಇನ್ನೂ ಮಲಗಿರುವುದಕ್ಕೆ ಬೈದು, ತಾನೇ ದೋಣಿ ಬಿಚ್ಚಿ, ನಡುಹೊಳೆಯಲ್ಲಿ ಹುಟ್ಟು ಕಳೆದುಕೊಂಡು... ಬೀಡಿ ಸುತ್ತುವ ಕೈಗಳು ನಿಲ್ಲುತ್ತವೆ. ಕಾಳವ್ವ ಬಾಯಿ ತೆರೆಯುತ್ತಾಳೆ. 'ಯಾರು?' ಎಂದುಬಿಡುತ್ತಾಳೇನೋ ಎಂದು ಧನಪಾಲ ಅವಳನ್ನೇ ನೋಡುತ್ತಾರೆ.

"ದಂಡಿ ಮುಟ್ಟಿದಳೋ ಇಲ್ಲೋರಿ?"

ಧನಪಾಲರಿಗೆ ಕಥೆಯೇ ಮರೆತುಹೋಗುತ್ತದೆ. ದೋಣಿಯಲ್ಲಿರುವುದು ಹೆಂಡತಿಯೆಂದು ಹೇಗೆ ತಿಳಿಯಿತೆಂದು ಕೇಳುತ್ತಾರೆ. "ಗಂಡನ ಹೆಸರ ನಾಲಿಗಿ ಮ್ಯಾಲ ತರದನ ಸಂಸಾರ ಮಾಡೀನ್ರಿ," ಎನ್ನುತ್ತಾಳೆ ಕಾಳವ್ವ. "ಆದ್ರೂ ನಾ ಯಾರನ್ನ ಬೈಯಾಕತ್ತೀನಿ ಅಂತ ಓಣಿಗೆಲ್ಲ ಗೊತ್ತ ಐತಿ. ಮೊದಲ ಆಕೀನ್ನ ದಂಡಿಗೆ ಹಚ್ಚರಿ."

ದಂಡೆ ಮುಟ್ಟಿಸಿದ ಮೇಲೆ ಧನಪಾಲ ತಕ್ಕಡಿ ಒರೆಸುತ್ತಾರೆ. ಶನಿವಾರ ಹೋಗುವುದು ಖಾತ್ರಿ. ಕಾಲೇಜಿನವರು ನಿಮ್ಮನ್ನು ಏನೆಂದು ಪರಿಚಯಿಸಬೇಕು ಎಂದು ಕೇಳಿದರೆ, ನಾಚಿ ಹೇಳುತ್ತಾರೆ:

"ಹೆಸರ ಒಮ್ಮೆ ಹೇಳಿದ್ರ ಸಾಕ್ರಿ. ಮುಂದ ಕೇಳವ್ರ ಹೊತ್ತಕೊಂಡ ಹೋಗತಾರ."