ಕಾರಿನ ವಿಮೆ ಮತ್ತು ನನ್ನ ಹಾಲಿ ಉದ್ಯೋಗ

ಅರ್ಜಿ ತುಂಬುವಾಗ ನನ್ನ ಪೆನ್ನು ನಿಲ್ಲುವ ಜಾಗ ಒಂದೇ. ಹೆಸರು, ತಂದೆಯ ಹೆಸರು, ವಿಳಾಸದ ತನಕ ಅದು ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನ ಹಾಗೆ ಓಡುತ್ತದೆ. ಹುಟ್ಟಿದ ದಿನಾಂಕವೂ ತೊಂದರೆ ಕೊಡುವುದಿಲ್ಲ. ನನ್ನನ್ನು ಶಾಲೆಗೆ ಸೇರಿಸಿಕೊಳ್ಳುವಾಗಲೇ ಹೆಡ್‌ಮಾಸ್ತರರು ಅದನ್ನು ಜೂನ್ ಒಂದು ಎಂದು ತೀರ್ಮಾನಿಸಿಬಿಟ್ಟಿದ್ದರು. ನಮ್ಮ ತರಗತಿಯ ಮುಕ್ಕಾಲು ಮಂದಿ ಅದೇ ದಿನ ಹುಟ್ಟಿದವರು. ಆಮೇಲೆ ಬರುತ್ತದೆ ನೋಡಿ, 'ಉದ್ಯೋಗ' ಎಂಬ ಖಾನೆ. ಎರಡಂಗುಲ ಉದ್ದದ ಖಾಲಿ ಗೆರೆ. ನನ್ನ ಉದ್ಯೋಗಗಳೂ ಹೆಚ್ಚುಕಮ್ಮಿ ಅಷ್ಟೇ ಉದ್ದ ಬಾಳಿದವು.

ಬಿ.ಟಿ.ಎಂ. ಲೇಔಟಿಗೆ ಬಂದ ಐದು ವರ್ಷದಲ್ಲಿ ನಾನು ಮೊದಲು ಪೇಜರ್ ಮಾರಿದೆ. ಜನ ಮೊಬೈಲ್ ಕೊಳ್ಳಲು ಶುರುಮಾಡುವ ಸರಿಯಾದ ಹೊತ್ತು ನೋಡಿ ನಾನು ಪೇಜರ್ ಮಾರಲು ಇಳಿದಿದ್ದೆ. ಆಮೇಲೆ ಜಯನಗರದಲ್ಲೊಂದು ಮಹಡಿಯ ಮೇಲೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಟ್ಟೆ. ಗದಗಿನಲ್ಲಿ ಕಲಿತ ಇಂಗ್ಲಿಷು ಅದು, ಜಯನಗರದವರಿಗೆ ಮೂರು ತಿಂಗಳು ಗೊತ್ತಾಗಲಿಲ್ಲ. ನಂತರ ಬನಶಂಕರಿಯ ಟೈಲ್ಸ್ ಅಂಗಡಿ. ನಂತರ ಬೊಮ್ಮನಹಳ್ಳಿಯ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಅಂಗಿಗೆ ಗುಂಡಿ ಸರಿಯಾಗಿದೆಯೇ ಎಂದು ಎಳೆದು ನೋಡುವ ಕೆಲಸ. ನಾನು ಎಳೆದ ಗುಂಡಿಗಳೆಲ್ಲ ಕೈಗೇ ಬರುತ್ತಿದ್ದುದರಿಂದ ಅಲ್ಲಿಯೂ ಹೆಚ್ಚು ದಿನ ಇಟ್ಟುಕೊಳ್ಳಲಿಲ್ಲ.

ಇವೆಲ್ಲದರ ನಡುವೆ ನನಗೊಂದು ಕಾರಿತ್ತು ಎಂದರೆ ನೀವು ನನ್ನನ್ನು ಬೇರೆ ಥರ ನೋಡಬಾರದು. ನನ್ನ ಸೋದರಮಾವ ಹೊಸ ಕಾರು ತಂದಾಗ ಹಳೆಯದನ್ನು ಯಾರೂ ಕೇಳಲಿಲ್ಲ. ಅದನ್ನು ನನಗೆ ದಾಟಿಸಿ, "ನಿನಗ ಇರಲಿ" ಎಂದು ಕೃಷ್ಣಾರ್ಪಣ ಮಾಡಿದ. ಕಾರು ಬಂದ ಮೇಲೆ ವಿಮೆ ಬಂತು, ವಿಮೆಯ ಹಿಂದೆ ಶೇಷಗಿರಿಯವರು ಬಂದರು.

ಶೇಷಗಿರಿಯವರು ವಿಮಾ ಏಜೆಂಟರು. ಜಯನಗರದ ಅರ್ಧದಷ್ಟು ವಾಹನಗಳು ಅವರ ಡೈರಿಯಲ್ಲಿವೆ. ಯಾವುದೇ ಮಾತಿಗೆ ಮೊದಲು ಮೂರು ಸಲ ಗಂಟಲು ಸರಿಮಾಡಿಕೊಳ್ಳುತ್ತಾರೆ, ಮೂರನೆಯದು ಸ್ವಲ್ಪ ಮೇಲಿನ ಶ್ರುತಿಯಲ್ಲಿ. ಇದನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತೇನೆಂದರೆ, ಒಮ್ಮೆ ಅವರ ಮನೆಯ ಬಾಗಿಲಲ್ಲಿ ಮಾಡಿದ್ದಕ್ಕೆ ಒಳಗಿನಿಂದ ಅವರ ಹೆಂಡತಿ, "ಬಂದ್ರಾ? ಕಾಫಿ ಆರಿಹೋಯ್ತು" ಎಂದಿದ್ದರು. ಅನುಕರಣೆ ನನ್ನ ಹುಟ್ಟುಗುಣ. ಅದನ್ನೇ ಉದ್ಯೋಗ ಅಂತ ಬರೆಯೋಣವೇ ಎಂದು ಕೇಳಿದ್ದಕ್ಕೆ ಶೇಷಗಿರಿಯವರು, "ಅದು ರೋಗ ಕಣಯ್ಯಾ, ಉದ್ಯೋಗ ಅಲ್ಲ" ಎಂದರು.

ಮೊದಲ ವರ್ಷ ಅವರು ನನ್ನನ್ನು ಕೇಳಲೂ ಇಲ್ಲ. ನನ್ನ ಅಡ್ಡಹೆಸರು ಅಂಗಡಿ. ಅದನ್ನು ಓದಿ ತಾವಾಗಿಯೇ 'ಅಂಗಡಿ ವ್ಯಾಪಾರ' ಎಂದು ಬರೆದುಕೊಂಡರು. ತಪ್ಪು ಅವರದಲ್ಲ. ಈ ಕಡೆಯವರಿಗೆ ಹೆಸರಿನ ಮುಂದೆ ಒಂದೆರಡು ಇನಿಷಿಯಲ್ ಇದ್ದರೆ ಮುಗಿಯಿತು. ನಮ್ಮ ಗದಗಿನ ಕಡೆ ಹಾಗಲ್ಲ, ಹಿರಿಯರು ಉದ್ಯೋಗದ ಖಾನೆಯನ್ನು ಮೊದಲೇ ತುಂಬಿ ಕಳಿಸಿದ್ದಾರೆ: ಬಡಿಗೇರ, ಪತ್ತಾರ, ಹೂಗಾರ, ಗಾಣಿಗೇರ. ನನ್ನ ಜತೆ ಓದಿದ ಬಡಿಗೇರ ಈಗ ಹಲ್ಲಿನ ಡಾಕ್ಟರು, ಕೊರೆಯುವುದನ್ನಂತೂ ಬಿಟ್ಟಿಲ್ಲ. ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಯಾರೂ ಅಂಗಡಿ ಇಟ್ಟಿಲ್ಲ, ಬರೀ ಅಂಗಡಿಗೆ ಹೋಗಿಬರುತ್ತೇವೆ.

ತಪ್ಪು ತಿಳಿದಾಗ ಶೇಷಗಿರಿಯವರು ಗಾಬರಿಯಾದರು. "ಫಾರಂ ಕೆಳಗೆ ಸಹಿ ಹಾಕಿದ್ದೀಯ. ಪ್ರಮಾಣ ಮಾಡಿದ ಹಾಗೇ ಅದು. ಕೆಲಸ ಬದಲಾದಾಗೆಲ್ಲ ಆಫೀಸಿಗೆ ಒಂದು ಕಾಗದ ಹಾಕ್ಬೇಕು. ಇಲ್ಲಾಂದ್ರೆ ನಾಳೆ ಕ್ಲೇಮು ಅಂತ ಹೋದಾಗ ಕೈ ಎತ್ತಿಬಿಡ್ತಾರೆ."

ಅಂದಿನಿಂದ ನಾನು ಕಾಗದ ಹಾಕತೊಡಗಿದೆ. ಆಫೀಸಿನವರೂ ಮರ್ಯಾದಸ್ಥರು, ಪ್ರತಿಯೊಂದಕ್ಕೂ ಉತ್ತರ ಬರೆದರು. ಆದರೆ ಅವರ ಉತ್ತರ ಬರುವಷ್ಟರಲ್ಲಿ ನಾನು ಆ ಕೆಲಸದಲ್ಲಿ ಇರುತ್ತಿರಲಿಲ್ಲ. 'ತಮ್ಮನ್ನು ಬೋಧಕರೆಂದು ತಿದ್ದಿಕೊಳ್ಳಲಾಗಿದೆ' ಎಂಬ ಪತ್ರವನ್ನು ನಾನು ಟೈಲ್ಸ್ ರಾಶಿಯ ಮೇಲೆ ಕುಳಿತು ಓದಿದೆ. ನಾವು ಆಕಾಶದಲ್ಲಿ ನೋಡುವ ನಕ್ಷತ್ರದ ಬೆಳಕು ಎಂದೋ ಹೊರಟದ್ದಂತೆ, ಈಗ ಅಲ್ಲಿ ನಕ್ಷತ್ರ ಇದೆಯೋ ಇಲ್ಲವೋ ಗೊತ್ತಿಲ್ಲವಂತೆ. ವಿಮಾ ಆಫೀಸಿನ ಫೈಲಿನಲ್ಲಿ ಹೊಳೆಯುತ್ತಿದ್ದ ನಾನು ಅಂಥವನು.

ಹೀಗಿರಲು ಒಂದು ಬುಧವಾರ ನನ್ನ ಕಾರಿನ ಮುಂದಿನ ಗಾಜಿನ ಮೇಲೆ ತೆಂಗಿನಕಾಯಿ ಬಿತ್ತು.

ಮರ ನಮ್ಮ ಮನೆ ಮಾಲೀಕರಾದ ಮುನಿವೆಂಕಟಪ್ಪನವರದು. ಲೇಔಟ್ ಆಗುವ ಮೊದಲು ಈ ರಸ್ತೆಯೆಲ್ಲ ಅವರ ಹೊಲ. ಈಗ ಉಳಿದಿರುವುದು ಒಂದು ನಾಲ್ಕಂತಸ್ತಿನ ಕಟ್ಟಡ, ಎಂಟು ಬಾಡಿಗೆ ಸಂಸಾರ, ಒಂದು ತೆಂಗಿನಮರ. ಅವರ ಕೆಮ್ಮು ನನ್ನ ಮೆಚ್ಚಿನ ಐಟಂ. ನಾನು ಮೆಟ್ಟಿಲ ಮೇಲೆ ನಿಂತು ಕೆಮ್ಮಿದರೆ, ಮಾಲೀಕರೇ ಬಂದರೆಂದು ಎಂಟೂ ಮನೆಗಳಲ್ಲಿ ನಲ್ಲಿ ನಿಲ್ಲುತ್ತದೆ. ಇದು ಅವರಿಗೆ ಗೊತ್ತಿತ್ತು. ಆದರೂ ಒಂದು ದಿನವೂ ಏನೂ ಅಂದಿರಲಿಲ್ಲ.

ಗಾಜು ಒಡೆದದ್ದು ಎಂಥ ಹೊತ್ತಿನಲ್ಲಿ ಅಂತೀರಿ! ನೀರು ಶುದ್ಧ ಮಾಡುವ ಯಂತ್ರವನ್ನು ಮನೆಮನೆಗೆ ಒಯ್ದು ತೋರಿಸುವ ಕೆಲಸವೊಂದು ನನಗೆ ಸಿಕ್ಕಿತ್ತು, ಬರುವ ಸೋಮವಾರದಿಂದ ಶುರು. ಷರತ್ತು ಒಂದೇ: ಸ್ವಂತ ಕಾರು ಓಡುವ ಸ್ಥಿತಿಯಲ್ಲಿರಬೇಕು, ಇಲ್ಲದಿದ್ದರೆ ಕೆಲಸ ಮುಂದಿನವನಿಗೆ. ಕಾರು ಓಡಬೇಕಾದರೆ ಗಾಜು ಬೇಕು. ಗಾಜು ಬೇಕಾದರೆ ಕ್ಲೇಮು ಆಗಬೇಕು. ಕ್ಲೇಮು ಆಗಬೇಕಾದರೆ 'ಹಾಲಿ ಉದ್ಯೋಗ' ಎಂಬ ಖಾನೆ ತುಂಬಬೇಕು. ಹಾಲಿ ಉದ್ಯೋಗ ಇರಬೇಕಾದರೆ ಕಾರು ಓಡಬೇಕು. ನಾನು ಈ ಚಕ್ರದಲ್ಲಿ ಮೂರು ಸುತ್ತು ಬಂದು ತಲೆ ತಿರುಗಿ ಶೇಷಗಿರಿಯವರಿಗೆ ಫೋನ್ ಮಾಡಿದೆ. ಅವರು ಗಂಟಲು ಸರಿಮಾಡಿಕೊಳ್ಳುವುದನ್ನೂ ಮರೆತು, "ಫೈಲಲ್ಲಿ ಗಾರ್ಮೆಂಟ್ ಅಂತಿದೆ. ಗಾರ್ಮೆಂಟಿನವನ ಥರಾನೇ ಇರು" ಎಂದರು.

ಶುಕ್ರವಾರ ಬೆಳಿಗ್ಗೆ ಹಾನಿ ಎಷ್ಟೆಂದು ನೋಡಲು ವಿಮಾ ಆಫೀಸಿನ ಸರ್ವೇಯರು ಸ್ಕೂಟರಿನಲ್ಲಿ ಬಂದರು. ಹೆಲ್ಮೆಟ್ ತೆಗೆಯದೆ ಕಾರಿಗೆ ಒಂದು ಪ್ರದಕ್ಷಿಣೆ ಹಾಕಿ, ಕ್ಯಾಮೆರಾ ಹೊರಗೆ ತೆಗೆದು, "ಕಾಯಿ ಎಲ್ಲಿ?" ಎಂದರು.

"ಯಾವ ಕಾಯಿ ಸಾರ್?"

"ಬಿದ್ದಿದ್ದು. ಗಾಜಿನ ಪಕ್ಕ ಇಟ್ಟು ಫೋಟೋ ತೆಗೀಬೇಕು."

ಮುನಿವೆಂಕಟಪ್ಪನವರು ಮೆಟ್ಟಿಲ ಮೇಲಿಂದಲೇ ಉತ್ತರ ಕೊಟ್ಟರು. "ಚಟ್ನಿ ಆಯ್ತು ಸ್ವಾಮಿ. ಬುಧವಾರ ಬಿತ್ತು, ಗುರುವಾರ ಚಟ್ನಿ. ಈಯಪ್ಪನೂ ತಿಂದವ್ನೆ."

ಸಾಕ್ಷ್ಯವನ್ನು ನಾನು ಎರಡು ದೋಸೆಯ ಜತೆ ನಾಶ ಮಾಡಿದ್ದು ನಿಜ. ಸರ್ವೇಯರು ನಿಟ್ಟುಸಿರು ಬಿಟ್ಟು ಮರದ ಕಡೆ ತಿರುಗಿದರು.

"ಮರ ನಿಮ್ದಾ? ನಿಮ್ಮ ಉದ್ಯೋಗ?"

"ವ್ಯವಸಾಯ."

ಸರ್ವೇಯರು ನಾಲ್ಕಂತಸ್ತನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಜಮೀನು ಎಲ್ಲಿದೆ?"

"ನೀವು ನಿಂತಿರೋದೇ ಜಮೀನು. ನಿಮ್ ಸ್ಕೂಟ್ರು ನಿಂತೈತಲ್ಲ, ಅಲ್ಲಿ ರಾಗಿ ಕಣ ಇತ್ತು."

ಸರ್ವೇಯರು ಸ್ಕೂಟರನ್ನು ಒಂದಡಿ ಪಕ್ಕಕ್ಕೆ ಸರಿಸಿದರು. ಯಾಕೆಂದು ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ದು?" ಎಂದರು.

ಇಡೀ ಬಡಾವಣೆಯನ್ನು ಅನುಕರಿಸಬಲ್ಲ ನಾನು, ಎರಡು ತಿಂಗಳ ಹಿಂದಿನ ನನ್ನನ್ನು ಅನುಕರಿಸಲು ಹೊರಟೆ. "ಗಾರ್ಮೆಂಟ್ ಸಾರ್. ಕ್ವಾಲಿಟಿ" ಎಂದು ಗಂಭೀರವಾಗಿ ನುಡಿದು ನನ್ನದೇ ಅಂಗಿಯ ಗುಂಡಿಯನ್ನು ಎಳೆದು ತೋರಿಸಿದೆ. ಅದು ಕೈಗೆ ಬಂತು.

"ಶುಕ್ರವಾರ ಹತ್ತೂವರೆಗೆ ಮನೇಲಿ ಏನ್ ಮಾಡ್ತಿದ್ದೀರಾ ಹಾಗಾದ್ರೆ?"

ಹೆದರಿಕೆಯಾದಾಗ ನನ್ನ ಬೆಂಗಳೂರು ಕಳಚಿಬೀಳುತ್ತದೆ. "ಇಲ್ರೀ ಸರ, ಅದು ಬಿಟ್ಟೇನ್ರಿ. ಸೋಮವಾರದಿಂದ ಬ್ಯಾರೆ ಐತ್ರಿ. ಕಾರ್ ಇದ್ರ ಐತ್ರಿ, ಇಲ್ಲಂದ್ರ ಇಲ್ರಿ."

"ಸೋಮವಾರದ್ದು ಬೇಡ, ಇವತ್ತಿಂದು ಹೇಳಿ. ಖಾನೆ ಖಾಲಿ ಬಿಟ್ರೆ ಮೇಲಿನೋರು ಫೈಲ್ ವಾಪಸ್ ಕಳಿಸ್ತಾರೆ. ಮತ್ತೆ ಹದಿನೈದು ದಿನ."

ಹದಿನೈದು ದಿನ ಎಂದರೆ ಕೆಲಸ ಹೋದಂತೆಯೇ. ಕೈಗೆ ಬಂದಿದ್ದ ಗುಂಡಿಯನ್ನು ನಾನು ಮತ್ತೆ ಅಂಗಿಗೇ ಒತ್ತಿ ಹಿಡಿದೆ.

ಆಗ ಮುನಿವೆಂಕಟಪ್ಪನವರು ನಿಧಾನವಾಗಿ ಮೆಟ್ಟಿಲಿಳಿದು ಬಂದರು. "ನಾ ತೋರಿಸ್ತೀನಿ ನೋಡಿ ಸ್ವಾಮಿ ಇವನ ಉದ್ಯೋಗಾನ" ಎಂದವರೇ ಪಂಚೆ ಮೇಲೆತ್ತಿ ಕಟ್ಟಿ ಗೇಟಿನ ತನಕ ನಡೆದರು. ಎದೆ ಮುಂದೆ, ಸೊಂಟದಲ್ಲಿ ಇಲ್ಲದ ಪೇಜರಿನ ಮೇಲೆ ಒಂದು ಕೈ. ನಾನೇ! ತಿರುಗಿ ಬರುವಾಗ ಗದ್ದ ಮೇಲೆ, ತುಟಿ ಮುಂದೆ, ಪಿಸಪಿಸ ಇಂಗ್ಲಿಷು. ಅದೂ ನಾನೇ. ಆಮೇಲೆ ಟೈಲ್ಸ್ ಹೊತ್ತು ಬೆನ್ನು ಹಿಡಿದುಕೊಂಡ ನಾನು. ಎಂಟು ಮನೆಯ ಕಿಟಕಿಗಳಲ್ಲಿ ಜನ ಬಿದ್ದುಬಿದ್ದು ನಗುತ್ತಿದ್ದರು. ಐದು ವರ್ಷ ಆ ಮನುಷ್ಯ ಏನೂ ಅನ್ನದೆ ಇದ್ದದ್ದು ಅಭ್ಯಾಸ ನಡೆದಿದ್ದರಿಂದ ಎಂದು ನನಗೆ ಆಗ ಹೊಳೆಯಿತು. ನಾನು ಬರೀ ಕೆಮ್ಮು ಕದ್ದಿದ್ದೆ; ಅವರು ನನ್ನ ಇಡೀ ಬಯೋಡೇಟಾ ಕದ್ದಿದ್ದರು.

ಕಡೆಗೆ ಉಸಿರು ತಿರುಗಿಸಿಕೊಂಡು ಹೇಳಿದರು: "ಇವೆಲ್ಲ ಬಂದವು, ಹೋದವು. ಆದರೆ ಎಲ್ಲಿಗೇ ಹೋಗ್ಲಿ, ಸಂಜೆ ಈ ಗೇಟಿಗೇ ಬತ್ತಾನೆ. ಐದು ವರ್ಷದಿಂದ ನಮ್ ಬಾಡಿಗೆದಾರ. ಅದೊಂದು ಕೆಲಸ ಬಿಟ್ಟಿಲ್ಲ. ಅದನ್ನೇ ಬರ್ಕೊಳಿ."

ಸರ್ವೇಯರು ಪೆನ್ನು ತೆಗೆದರು. ಹೆಲ್ಮೆಟ್ಟಿನೊಳಗೆ ಏನು ನಡೆಯಿತೋ ಕಾಣೆ. 'ಹಾಲಿ ಉದ್ಯೋಗ: ಬಾಡಿಗೆದಾರ. ಸೇವಾವಧಿ: ಐದು ವರ್ಷ' ಎಂದು ಬರೆದು, ಮುನಿವೆಂಕಟಪ್ಪನವರ ಸಹಿ ಹಾಕಿಸಿಕೊಂಡು, ಗಾಜು ಹಾಕಿಸಲು ಒಪ್ಪಿಗೆ ಕೊಟ್ಟು ಹೋದರು. ಶನಿವಾರ ಗಾಜು ಕೂತಿತು. ಸೋಮವಾರ ನಾನು ನೀರು ಶುದ್ಧ ಮಾಡಲು ಹೊರಟೆ. ಆ ಕೆಲಸವೂ ನಾಲ್ಕು ತಿಂಗಳು ಇತ್ತು, ಅದರ ಮುಂದಿನದು ಆರು.

ಆದರೆ ಆಫೀಸಿಗೆ ಕಾಗದ ಬರೆಯುವ ಕಷ್ಟ ತಪ್ಪಿತು. ಈಗ ಪ್ರತಿವರ್ಷ ನನ್ನ ಪಾಲಿಸಿಯಲ್ಲಿ ಬಾಡಿಗೆದಾರ ಎಂದೇ ಅಚ್ಚಾಗಿ ಬರುತ್ತದೆ. ಶೇಷಗಿರಿಯವರು ಮೂರು ಸಲ ಗಂಟಲು ಸರಿಮಾಡಿಕೊಂಡು, "ಬದಲಾವಣೆ ಏನಾದ್ರೂ?" ಎನ್ನುತ್ತಾರೆ. ನಾನು ಇಲ್ಲ ಎನ್ನುತ್ತೇನೆ. ಮೆಟ್ಟಿಲ ಮೇಲೆ ಕೆಮ್ಮುವುದನ್ನೂ ಕಡಿಮೆ ಮಾಡಿದ್ದೇನೆ, ಮೇಲಧಿಕಾರಿಗಳ ವಿಷಯದಲ್ಲಿ ಸಲಿಗೆ ಒಳ್ಳೆಯದಲ್ಲ.

ಮೊನ್ನೆ ಗೆಳೆಯನೊಬ್ಬ ಗೊಟ್ಟಿಗೆರೆಯಲ್ಲಿ ಮನೆ ನೋಡಿ ಬಂದ. ಗಾಳಿ, ಬೆಳಕು, ಎರಡು ಹೊತ್ತು ನೀರು, ಬಾಡಿಗೆಯೂ ಕಡಿಮೆ. "ನಾಳೇನೇ ಶಿಫ್ಟ್ ಆಗು ಮಗಾ, ಸಖತ್ತಾಗಿದೆ" ಎಂದ. ನಾನು ತೆಂಗಿನಮರವನ್ನು ನೋಡಿದೆ. ಆಮೇಲೆ ಜೀವಮಾನದಲ್ಲಿ ಮೊದಲ ಸಲ ಈ ಮಾತನ್ನು ನನ್ನದೇ ದನಿಯಲ್ಲಿ ಹೇಳಿದೆ: "ಇಲ್ಲೋ, ಇರೋ ಕೆಲಸ ಬಿಟ್ಟು ಬರಾಕ ಆಗೂದಿಲ್ಲ."