ಕೋವಿಯ ಹಿಡಿಯ ಮೇಲಿನ ವೀಳ್ಯದೆಲೆ

ಅಪ್ಪ ಕೊಳ್ಳೇಗಾಲದ ಪೇಟೆಯಲ್ಲಿ ಹಿತ್ತಾಳೆ ಕೆಲಸ ಮಾಡುತ್ತಿದ್ದರು. ಬಿಂದಿಗೆ, ದೀಪಗಳ ಜೊತೆಗೆ ಹಳೆಯ ನಾಡಕೋವಿಗಳೂ ಅವರ ಕೈಗೆ ಬರುತ್ತಿದ್ದವು. ನಳಿಕೆಯ ಬಾಯಿಂದ ಮದ್ದು ಗಿಡಿಯುವ ಉದ್ದನೆಯವು. ಮರದ ಹಿಡಿಯ ಮೇಲಿನ ಹಿತ್ತಾಳೆ ನೋಡಿ ಕೋವಿ ಯಾವ ಸೀಮೆಯದೆಂದು ಹೇಳುವುದನ್ನು ನನಗೆ ಕಲಿಸಿದರು. ಯಳಂದೂರು ಕಡೆಯದಾದರೆ ವೀಳ್ಯದೆಲೆ ಆಕಾರದ ತಗಡು, ಅಂಚಿಗೆ ಸಾಸಿವೆಯಂಥ ಚುಕ್ಕಿ. ಪಾಲಾರ್ ಆಚೆಯ ತಮಿಳು ಸೀಮೆಯದು ದಪ್ಪ ಎರಕ. ಕುದುರೆಯ, ಅಂದರೆ ಬೆರಳಿಟ್ಟು ಎಳೆಯುವ ಕೀಲಿನ, ಕೆಳಗಿನ ಬಳೆಯ ತುದಿ ಗಿಳಿಕೊಕ್ಕಿನಂತೆ ಬಾಗಿರುತ್ತದೆ. ಹನೂರಿನ ಕಾಡಂಚಿನವರು ಒಡೆದ ಚೊಂಬು ಕತ್ತರಿಸಿ ಮೊಳೆ ಹೊಡೆದುಕೊಳ್ಳುತ್ತಿದ್ದರು, ಚಂದದ ಗೋಜಿಗೆ ಹೋಗುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಂಗಡಿ ನನ್ನದಾಯಿತು. ಹೋದ ವರ್ಷ ಒಂದು ಮಧ್ಯಾಹ್ನ ಕಾನ್ಸ್‌ಟೇಬಲ್ ಒಬ್ಬ ಬಂದು, "ಅಮ್ಮ, ಸಾಹೇಬ್ರು ಕರೀತಾವ್ರೆ. ಕೋವಿ ಒಂದ್ ನೋಡ್ಬೇಕಂತೆ" ಎಂದ.

ಸ್ಟೇಷನ್ನಿನ ಮೇಜಿನ ಮೇಲೆ ಗೋಣಿಚೀಲ ಹಾಸಿ ಕೋವಿ ಇಟ್ಟಿದ್ದರು. ನಳಿಕೆ ಬುಡದಲ್ಲಿ ಸಿಡಿದು ಬಾಳೆಸಿಪ್ಪೆಯಂತೆ ಬಿಚ್ಚಿಕೊಂಡಿತ್ತು. ಅಜ್ಜೀಪುರದ ಆಚೆ ಕಾಡಂಚಿನ ಹಳ್ಳದಲ್ಲಿ ಸಿಕ್ಕಿತಂತೆ. ಸುತ್ತ ರಕ್ತವಿತ್ತು, ಮನುಷ್ಯ ಇರಲಿಲ್ಲ.

"ಯಾವ ಕಡೇದು ಅಂತ ಹೇಳಿದ್ರೆ ಸಾಕಮ್ಮ, ಆ ಕಡೆ ಹುಡುಕ್ತೀವಿ" ಎಂದರು ಇನ್ಸ್‌ಪೆಕ್ಟರ್.

ಹಿಡಿಯ ಮೇಲೆ ವೀಳ್ಯದೆಲೆ ಇತ್ತು. ಕೆಳಗೆ ಗಿಳಿಕೊಕ್ಕಿನ ಬಳೆ. ಎರಡು ಸೀಮೆಯ ಹಿತ್ತಾಳೆ ಒಂದೇ ಕೋವಿಯಲ್ಲಿ ಕೂಡಿದ್ದನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ. ಅಮ್ಮನ ಅಪ್ಪ, ನನ್ನ ತಾತನ ಕೋವಿಯ ಬಳೆ ಮುರಿದಾಗ ಗುಜರಿಯಲ್ಲಿ ಸಿಕ್ಕ ತಮಿಳು ಸೀಮೆಯ ಬಳೆಯನ್ನು ಅಪ್ಪನೇ ಕೂರಿಸಿದ್ದರು. ತಾತ ಸತ್ತ ಮೇಲೆ ಲೈಸೆನ್ಸೂ ಹೋಯಿತು. ಆದರೆ ಮಾವ, ಅಂದರೆ ಅಮ್ಮನ ತಮ್ಮ, ಅಜ್ಜೀಪುರದ ತಮ್ಮ ಜೋಳದ ಹೊಲಕ್ಕೆ ಹಂದಿ ಬೀಳುತ್ತವೆಂದು ಕೋವಿಯನ್ನು ಒಪ್ಪಿಸದೆ ಬಚ್ಚಿಟ್ಟುಕೊಂಡಿದ್ದರು.

ಎಲೆಯ ಚುಕ್ಕಿಗಳಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಅವತ್ತು ಬೆಳಿಗ್ಗೆ ಅತ್ತೆ ಫೋನಿನಲ್ಲಿ, "ನಿಮ್ ಮಾವುಂಗೆ ಜ್ವರ ಕಣವ್ವ, ಮಾತಾಡಕಾಗಲ್ಲ" ಎಂದಿದ್ದು ನೆನಪಾಯಿತು. ಯಳಂದೂರು ಕಡೆಯದು ಎಂದಷ್ಟೇ ಹೇಳಿ ಎದ್ದು ಬರಬಹುದಿತ್ತು. ಹಾಗೆ ಹೇಳಿದ್ದರೆ ಪೊಲೀಸರು ಅತ್ತ ಹುಡುಕುತ್ತಿದ್ದರು, ಮಾವ ಇತ್ತ ಕೊಳೆಯುತ್ತಿದ್ದರು.

"ಇದು ನಮ್ಮ ಮಾವಂದು ಸಾರ್. ಮೊದ್ಲು ಆಂಬುಲೆನ್ಸ್ ಕಳಿಸಿ" ಎಂದೆ.

ಅವರ ಜೀಪಿನಲ್ಲೇ ನಾನೂ ಹೋದೆ. ಮಾವ ಕೊಟ್ಟಿಗೆಯಲ್ಲಿ ಹುಲ್ಲಿನ ಮೇಲೆ ಮಲಗಿದ್ದರು. ಬಲಗೈಗೆ ಅರಿಶಿನ ಮೆತ್ತಿ ಹಳೆಯ ಪಂಚೆ ಸುತ್ತಿದ್ದರು. ಆ ವಾಸನೆಗೆ ಕಾನ್ಸ್‌ಟೇಬಲ್ ಬಾಗಿಲಿನಿಂದಲೇ ಹಿಂದಕ್ಕೆ ಸರಿದ. ಕೇಸಿಗೆ ಹೆದರಿ ಆಸ್ಪತ್ರೆಗೆ ಹೋಗಿರಲಿಲ್ಲ.

ಅತ್ತೆ ಜೀಪನ್ನು ನೋಡಿದರು, ಆಮೇಲೆ ನನ್ನನ್ನು.

"ನೀನೇ ಯೋಳ್ಬುಟ್ಯಾ?"

"ಇಲ್ದಿದ್ರೆ ಉಳೀತಿರ್ಲಿಲ್ಲ ಅತ್ತೆ."

"ಉಳುಸ್ಕೊಂಡು ಜೈಲಿಗ್ ಕಳುಸ್ತೀಯಾ? ಉಪ್ಪು ತಿಂದ ಮನೆ ಕಣೇ ಇದು!"

ಮೈಸೂರಿನಲ್ಲಿ ಮಾವನ ಕೈಯನ್ನು ಮೊಣಕೈಯವರೆಗೆ ತೆಗೆದರು. ಆಸ್ಪತ್ರೆಯಿಂದ ಜೈಲು, ಜೈಲಿನಿಂದ ಜಾಮೀನು. ಕೇಸು ಇನ್ನೂ ಮುಗಿದಿಲ್ಲ. ಜೋಳದ ಹೊಲವನ್ನು ಬೇರೆಯವರು ವಾರಕ್ಕೆ, ಬೆಳೆಯಲ್ಲಿ ಪಾಲು ಕೊಟ್ಟು, ಮಾಡುತ್ತಿದ್ದಾರೆ.

ಕೋರ್ಟಿಗೆ ಬಂದ ದಿನ ಮಾವ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಎಡಗೈಯಲ್ಲಿ ಮುದ್ದೆ ಮುರಿಯುವುದು ಇನ್ನೂ ರೂಢಿಯಾಗಿಲ್ಲ. ಸಾರಿನಲ್ಲಿ ಜಾರಿ ಬೀಳುತ್ತದೆ. ನಾನು ಮುರಿದುಕೊಡಲು ಹೋದರೆ, "ಬುಡವ್ವ, ಕಲೀಬೇಕು" ಎನ್ನುತ್ತಾರೆ. ನನ್ನ ಮೇಲೆ ಅವರಿಗೆ ಸಿಟ್ಟಿದೆಯೋ ಇಲ್ಲವೋ ನಾನು ಕೇಳಿಲ್ಲ.

ಅತ್ತೆಯೂ ಅದೇ ಬಸ್ಸಿನಲ್ಲಿ ಬರುತ್ತಾರೆ, ಆದರೆ ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೇ ಕೂತಿರುತ್ತಾರೆ. ಹೋದ ಸಲ ಅವರಿಗೆಂದು ಡಬ್ಬಿಯಲ್ಲಿ ಊಟ ಕಟ್ಟಿಕೊಟ್ಟೆ. ಮಾವ ಅದನ್ನು ತೆಗೆದುಕೊಂಡು ಹೋದರು. ಸಂಜೆ ಬಸ್ಸಿಗೆ ಮುಂಚೆ ಡಬ್ಬಿ ನನ್ನ ಅಂಗಡಿಯ ಕಟ್ಟೆಯ ಮೇಲಿತ್ತು, ಮುಚ್ಚಳ ತೆಗೆದಿರಲಿಲ್ಲ.